ಕೆಲಸ ಮೊದಲೋ, ಮದುವೆ ಮೊದಲೋ? ಒಬ್ಬ ಅಕ್ಕನ ಪ್ರಶ್ನೆ

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಆರು ವರ್ಷದ ಹಿಂದೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಅಂತ ಗೊತ್ತಾಯಿತು. ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದೆವು. ಈಗ ಎರಡು ವರ್ಷದಿಂದ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾನೆ. ಕಿವಿಯಲ್ಲಿ ದನಿ ಕೇಳಿಸುವುದು ಹೆಚ್ಚುಕಡಿಮೆ ನಿಂತಿದೆ. ಆದರೆ ದಿನವಿಡೀ ಮಲಗಿರುತ್ತಾನೆ, ಇಲ್ಲದಿದ್ದರೆ ಗೋಡೆ ನೋಡುತ್ತಾ ಕೂತಿರುತ್ತಾನೆ. ಸ್ನಾನ ಮಾಡು ಅಂತಲೂ ನಾವೇ ಹೇಳಬೇಕು. "ಮದುವೆ ಮಾಡೋಣ, ಜವಾಬ್ದಾರಿ ಬಂದರೆ ಸರಿಹೋಗ್ತಾನೆ" ಅಂತ ಅಮ್ಮ. "ಪೂರ್ತಿ ಗುಣ ಆಗಲಿ, ಆಮೇಲೆ ಕೆಲಸ, ಆಮೇಲೆ ಮದುವೆ" ಅಂತ ಅಪ್ಪ. ಡಾಕ್ಟರು ಮಾತ್ರ "ಸಿಂಪ್ಟಮ್ಸ್ ಕಮ್ಮಿ ಆಗಿವೆ, ಫಂಕ್ಷನಿಂಗ್ ಇನ್ನೂ ಬರಬೇಕು" ಅಂದರು. ಹಾಗಂದರೇನು? ಅಪ್ಪ, ಅಮ್ಮ ಇಬ್ಬರಲ್ಲಿ ಯಾರ ಮಾತು ಸರಿ?

ಉತ್ತರ: ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು ಅಂತ ಒಂದು ಗಾದೆ ಇದೆ, ನೀವೂ ಕೇಳಿರುತ್ತೀರಿ. 'ಹುಚ್ಚು' ಅನ್ನೋ ಪದ ನನಗೆ ಹಿಡಿಸಲ್ಲ, ಆದರೆ ಗಾದೆಯನ್ನು ತಿದ್ದೋಕೆ ಆಗಲ್ವಲ್ಲ. ನಿಮ್ಮ ಅಪ್ಪ ಅದರ ಮೊದಲರ್ಧ ಹಿಡಿದುಕೊಂಡಿದ್ದಾರೆ, ಅಮ್ಮ ಉಳಿದರ್ಧ. ಇಬ್ಬರೂ ಒಂದೊಂದು ಕಡೆ ಎಳೆದರೆ ಗಂಟು ಇನ್ನೂ ಬಿಗಿಯಾಗುತ್ತೆ ಅಷ್ಟೇ. ಗಾದೆಯಲ್ಲಿ ಕೆಲಸದ ಮಾತೇ ಇಲ್ಲ, ನೋಡಿದಿರಾ? ಇಷ್ಟು ವರ್ಷ ಈ ಕಾಯಿಲೆಯವರ ಜತೆ, ಅವರ ಮನೆಯವರ ಜತೆ ಕೂತು ನನಗೆ ಅನ್ನಿಸಿರೋದು ಇಷ್ಟು: ಗಂಟು ಬಿಚ್ಚೋ ತುದಿ ಕೆಲಸದಲ್ಲೇ ಇದೆ.

ಮೊದಲು ಡಾಕ್ಟರು ಹೇಳಿದ್ದು. ಫಂಕ್ಷನಿಂಗ್ ಅಂದರೆ ಬಾಳುವೆ ನಡೆಸೋ ಶಕ್ತಿ. ಎದ್ದು ಮುಖ ತೊಳೆಯೋದು, ಹಸಿವಾದರೆ ಏನಾದರೂ ಮಾಡಿಕೊಂಡು ತಿನ್ನೋದು, ನಾಲ್ಕು ಜನರ ಜತೆ ಬೆರೆಯೋದು, ಹಿಡಿದ ಕೆಲಸ ಮುಗಿಸೋದು, ಕೈಯಲ್ಲಿರೋ ದುಡ್ಡು ತಿಂಗಳ ಕೊನೆವರೆಗೆ ಸಾಲೋ ಹಾಗೆ ನೋಡಿಕೊಳ್ಳೋದು. ಇದನ್ನು ಅಳೆಯೋಕೆ ವಿಶ್ವ ಆರೋಗ್ಯ ಸಂಸ್ಥೆ ಹೂಡಾಸ್ 2.0 ಅಂತ ಒಂದು ಪ್ರಶ್ನಾವಳಿ ಮಾಡಿದೆ. ಆರು ವಿಭಾಗ, 36 ಪ್ರಶ್ನೆ, ಎಲ್ಲವೂ ಕಳೆದ 30 ದಿನದ ಬಗ್ಗೆ. ಒಂದು ಕೆಲಸದ ಮೇಲೆ ಹತ್ತು ನಿಮಿಷ ಗಮನ ಇಡೋಕೆ ಎಷ್ಟು ಕಷ್ಟವಾಯಿತು, ಗುರುತಿಲ್ಲದವರ ಜತೆ ವ್ಯವಹರಿಸೋಕೆ ಎಷ್ಟು ಕಷ್ಟವಾಯಿತು, ಈ ಥರದವು. ದನಿ ಕೇಳಿಸುತ್ತಾ ಅಂತ ಒಂದು ಪ್ರಶ್ನೆಯೂ ಅದರಲ್ಲಿಲ್ಲ.

ಬೇಕೆಂದೇ ಹಾಗೆ ಮಾಡಿದ್ದಾರೆ. ಅಮೆರಿಕದ ಡಿಎಸ್‌ಎಂ ಅನ್ನೋ, ಮಾನಸಿಕ ಕಾಯಿಲೆಗಳನ್ನು ಗುರುತಿಸೋ ಕೈಪಿಡಿಯಲ್ಲಿ ಮುಂಚೆ ಒಂದು ಅಳತೆ ಇತ್ತು. ರೋಗಲಕ್ಷಣ ಎಷ್ಟಿದೆ, ಬದುಕು ಹೇಗೆ ನಡೆಯುತ್ತಿದೆ, ಎರಡನ್ನೂ ಕಲಸಿ 100ಕ್ಕೆ ಒಂದೇ ಅಂಕ ಕೊಡುತ್ತಿದ್ದರು. ದನಿ ಕೇಳಿಸಿಕೊಳ್ಳುತ್ತಲೇ ದಿನಾ ಕೆಲಸಕ್ಕೆ ಹೋಗೋರೂ ಇರುತ್ತಾರೆ, ದನಿಯೇ ಇಲ್ಲದೆ ಹಾಸಿಗೆ ಬಿಟ್ಟು ಏಳದವರೂ ಇರುತ್ತಾರೆ. ಇಬ್ಬರಿಗೂ ಒಂದೇ ಅಂಕ ಬಂದರೆ ಅದರಿಂದ ಏನು ತಿಳಿಯುತ್ತೆ ಹೇಳಿ? 2013ರಲ್ಲಿ ಐದನೇ ಆವೃತ್ತಿ ಬಂದಾಗ ಆ ಅಳತೆ ಕೈಬಿಟ್ಟರು. ಅದಕ್ಕೂ ಬಹಳ ಮುಂಚೆ, 1970ರ ದಶಕದಲ್ಲೇ, ಜಾನ್ ಸ್ಟ್ರಾಸ್ ಮತ್ತು ವಿಲಿಯಂ ಕಾರ್ಪೆಂಟರ್ ಅನ್ನೋ ಮನೋವೈದ್ಯರು ಸ್ಕಿಜೋಫ್ರೇನಿಯಾ ಇರೋರನ್ನು ವರ್ಷಗಟ್ಟಲೆ ಗಮನಿಸಿ ಒಂದು ವಿಷಯ ಕಂಡಿದ್ದರು. ರೋಗಲಕ್ಷಣ, ಕೆಲಸ, ಜನರ ಒಡನಾಟ, ಆಸ್ಪತ್ರೆ ಸೇರೋದು, ಇವು ನಾಲ್ಕೂ ತಮ್ಮ ತಮ್ಮ ದಾರಿಯಲ್ಲಿ ನಡೆಯುತ್ತವೆ. ಒಂದಕ್ಕೊಂದು ಸಂಬಂಧ ಇದೆ, ಆದರೆ ಸಡಿಲ. ಮುಂದೆ ಯಾರು ಕೆಲಸ ಮಾಡುತ್ತಾರೆ ಅಂತ ಊಹಿಸೋಕೆ ರೋಗಲಕ್ಷಣಕ್ಕಿಂತ ಹಿಂದೆ ಕೆಲಸ ಮಾಡಿದ್ದರಾ ಅನ್ನೋದೇ ಜಾಸ್ತಿ ಸಹಾಯಕ್ಕೆ ಬಂತು.

ನಿಮ್ಮ ಅಪ್ಪನ ಲೆಕ್ಕ ತಪ್ಪೋದು ಇಲ್ಲಿ. ಪೂರ್ತಿ ಗುಣವಾದ ಮೇಲೆ ಕೆಲಸ ಅಂದರೆ, ಮಾತ್ರೆಯಿಂದ ದನಿ ನಿಂತ ಮೇಲೆ ಶಕ್ತಿ ತಾನಾಗೇ ಬರುತ್ತೆ ಅಂತ ಕಾಯೋದು. ಮಾತ್ರೆ ದನಿಯನ್ನು, ಸಂಶಯವನ್ನು ತಗ್ಗಿಸುತ್ತೆ. ಉತ್ಸಾಹ, ನೆನಪು, ಗಮನ, ಒಂದು ಕೆಲಸವನ್ನು ಹಂತಹಂತವಾಗಿ ಯೋಚಿಸೋ ಶಕ್ತಿ, ಇವುಗಳ ಮೇಲೆ ಅದರ ಪರಿಣಾಮ ತೀರಾ ಕಮ್ಮಿ. 1996ರಲ್ಲಿ ಮೈಕಲ್ ಗ್ರೀನ್ ಅನ್ನೋರು ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ದಿನನಿತ್ಯದ ಬದುಕು ಹೇಗೆ ನಡೆಯುತ್ತೆ ಅನ್ನೋದಕ್ಕೆ ಈ ನೆನಪು, ಗಮನಗಳ ಜತೆ ನಂಟು ಕಂಡಿತು. ದನಿ, ಭ್ರಮೆಗಳ ಜತೆ ಅಂಥ ನಂಟು ಕಾಣಲಿಲ್ಲ.

ತಮ್ಮ ಗೋಡೆ ನೋಡುತ್ತಾ ಕೂರೋದು ಸೋಮಾರಿತನ ಅಂತ ಮಾತ್ರ ದಯವಿಟ್ಟು ತಿಳಿಯಬೇಡಿ. ಅದು ಕಾಯಿಲೆಯದೇ ಇನ್ನೊಂದು ಮುಖ. ಆದರೆ ಒಂದು ಸಲ ಡಾಕ್ಟರ ಹತ್ತಿರ ಇದನ್ನೇ ಬಿಡಿಸಿ ಕೇಳಿ. ಮಾತ್ರೆಯ ಡೋಸ್ ಜಾಸ್ತಿಯಾಗಿ ಮಂಪರು ಬಂದಿರಬಹುದು. ಕೈಕಾಲು ಬಿಗಿಯಾಗಿರಬಹುದು. ಒಳಗೊಳಗೇ ಖಿನ್ನತೆ ಇರಬಹುದು. ನೋಡೋರಿಗೆ ಮೂರೂ ಒಂದೇ ಥರ ಕಾಣುತ್ತವೆ, ಮೂರಕ್ಕೂ ಮದ್ದು ಬೇರೆ.

ಈಗ ಕೆಲಸದ ವಿಷಯ. ಸುಮ್ನೆ ಕೂರೋದೇ ಕಾಯಿಲೆಯನ್ನು ಬಲಿಸುತ್ತೆ ಅನ್ನೋದು ಹೊಸ ಮಾತಲ್ಲ. ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ ಅನ್ನೋ ಸಂಶೋಧಕರು ಬ್ರಿಟನ್ನಿನ ಮೂರು ಮಾನಸಿಕ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಇದ್ದ ಹೆಂಗಸರನ್ನು ಅಧ್ಯಯನ ಮಾಡಿ 1970ರಲ್ಲಿ ಬರೆದರು. ಮಾತು ಬತ್ತಿಹೋಗೋದು, ಮುಖದಲ್ಲಿ ಭಾವನೆ ಕಾಣದಿರೋದು, ಇಂಥವು ಯಾರಲ್ಲಿ ಕಮ್ಮಿಯಾದವೋ ಅವರ ದಿನಚರಿಯಲ್ಲಿ ಒಂದು ಬದಲಾವಣೆ ಎದ್ದು ಕಾಣುತ್ತಿತ್ತು: ಏನೂ ಮಾಡದೆ ಕಳೆಯೋ ಹೊತ್ತು ಇಳಿದಿತ್ತು.

ಆದರೂ ಬಹಳ ಕಾಲ ಎಲ್ಲ ಕಡೆ ನಿಮ್ಮ ಅಪ್ಪನ ಕ್ರಮವೇ ನಡೆಯಿತು. ಮೊದಲು ತರಬೇತಿ ಕೇಂದ್ರ, ವರ್ಷಗಟ್ಟಲೆ ಅಲ್ಲಿ ಲಕೋಟೆ ಅಂಟಿಸೋದು, ತಯಾರಾದ ಮೇಲೆ ಹೊರಗಿನ ಕೆಲಸ. ತಯಾರಾಗೋದು ಮುಗಿಯುತ್ತಲೇ ಇರಲಿಲ್ಲ. ಇದನ್ನು ತಿರುವಿ ಹಾಕಿದವರು ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್. ಅವರ ವಿಧಾನಕ್ಕೆ ಐಪಿಎಸ್ ಅಂತ ಹೆಸರು. (ಪೊಲೀಸ್ ಐಪಿಎಸ್‌ಗೂ ಇದಕ್ಕೂ ಸಂಬಂಧ ಇಲ್ಲ.) ಕೆಲಸ ಬೇಕು ಅಂತ ಕಾಯಿಲೆಯವರೇ ಹೇಳಿದರೆ ಸಾಕು, ತಕ್ಷಣ ಸಂಬಳ ಇರೋ ನಿಜವಾದ ಕೆಲಸ ಹುಡುಕೋದು. ಅವರಿಗೆ ಇಷ್ಟವಾದ ಕೆಲಸವೇ ಆಗಬೇಕು. ತರಬೇತಿ, ಬೆಂಬಲ ಎಲ್ಲ ಕೆಲಸಕ್ಕೆ ಸೇರಿದ ಮೇಲೆ, ಎಷ್ಟು ದಿನ ಬೇಕೋ ಅಷ್ಟು ದಿನ. ಚಿಕಿತ್ಸೆ ಕೊಡೋರೂ ಕೆಲಸ ಹುಡುಕೋರೂ ಒಂದೇ ತಂಡದಲ್ಲಿ ಇರಬೇಕು.

ಯುರೋಪಿನ ಆರು ಊರುಗಳಲ್ಲಿ 312 ಜನರ ಮೇಲೆ ಇದನ್ನು ಪರೀಕ್ಷೆ ಮಾಡಿದರು. 2007ರಲ್ಲಿ ಫಲಿತಾಂಶ ಬಂತು. ಐಪಿಎಸ್ ಸಿಕ್ಕವರಲ್ಲಿ ನೂರಕ್ಕೆ 55 ಮಂದಿ ಕೆಲಸಕ್ಕೆ ಹೋದರು, ಹಳೆಯ ತರಬೇತಿ ಕ್ರಮದವರಲ್ಲಿ 28. ಒಂದು ಮಾತು ಮುಚ್ಚಿಡಬಾರದು: ಒಂದು ದಿನ ಕೆಲಸ ಮಾಡಿದ್ದರೂ ಲೆಕ್ಕಕ್ಕೆ ತಗೊಂಡಿದ್ದರು. ಹಾಗಾಗಿ ಅರ್ಧಕ್ಕರ್ಧ ಜನ ನೆಲೆ ನಿಂತರು ಅಂತ ಓದಬೇಡಿ. ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಬೇರೆ. ಕೆಲಸದ ಒತ್ತಡಕ್ಕೆ ಕಾಯಿಲೆ ತಿರುಗಿ ಬರುತ್ತೆ ಅಂತ ಎಲ್ಲರಿಗೂ ಭಯ ಇತ್ತಲ್ಲ, ಐಪಿಎಸ್ ಗುಂಪಿನಲ್ಲಿ ಆಸ್ಪತ್ರೆಗೆ ಮತ್ತೆ ಸೇರಿದವರು ನೂರಕ್ಕೆ 20, ಇನ್ನೊಂದರಲ್ಲಿ 31.

ಅಂಕಿಅಂಶ ಪಕ್ಕಕ್ಕಿರಲಿ, ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಒಬ್ಬಾಕೆ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. ಓದುಗರು ವಾಪಸ್ ಕೊಟ್ಟ ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ಒಯ್ದು ಕಪಾಟಿನಲ್ಲಿ ಜೋಡಿಸಬೇಕು. ಮೊದಲ ವಾರದಲ್ಲೇ ಎರಡು ಸಲ ಆ ಗಾಡಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದರು. ಆಸಕ್ತಿ ಇಲ್ಲ, ಬೇಡ ಅಂದರು ಅಲ್ಲಿಯವರು. ವಿಚಾರಿಸಿದರೆ, ರಾತ್ರಿ ಮಾತ್ರೆ ನುಂಗುತ್ತಿದ್ದದ್ದು 11 ಗಂಟೆಗೆ, ಕೆಲಸ ಶುರು ಬೆಳಗ್ಗೆ 9ಕ್ಕೆ. ಡಾಕ್ಟರನ್ನು ಕೇಳಿ ಮಾತ್ರೆಯನ್ನು ರಾತ್ರಿ 8ಕ್ಕೆ ಹಾಕಿದೆವು. ಕೆಲಸವನ್ನು 11ರಿಂದ 1ರವರೆಗೆ ಮಾಡಿಸಿಕೊಂಡೆವು. ಕೆಲಸದ ಹೊತ್ತಿನ ನಿದ್ದೆ ನಿಂತಿತು, ಇನ್ನೊಂದು ತೊಂದರೆ ಎದ್ದಿತು. ಒಟ್ಟಿಗೆ ಮೂರು ಮಾತು ಹೇಳಿದರೆ ಮೂರನೆಯದು ಮಾತ್ರ ನೆನಪಿರುತ್ತಿತ್ತು. ಒಂದು ರಟ್ಟಿನ ಚೀಟಿಯ ಮೇಲೆ ಸಾಲಾಗಿ ಬರೆದು ಗಾಡಿಯ ಹಿಡಿಗೆ ಅಂಟಿಸಿದೆವು. ಮುಗಿಸಿದ ಸಾಲಿನ ಮುಂದೆ ಪೆನ್ಸಿಲ್ಲಿನಲ್ಲಿ ಗೀಟು ಹಾಕೋದು, ಕೊನೆಗೆ ರಬ್ಬರಿನಲ್ಲಿ ಅಳಿಸೋದು. ಒಂಬತ್ತು ತಿಂಗಳಿಗೆ ಎರಡು ಗಂಟೆ ಹೋಗಿ ನಾಲ್ಕು ಗಂಟೆ ಆಯಿತು. ದನಿ ಹೇಗಿದೆ ಅಂತ ಒಂದು ಸಲ ಕೇಳಿದೆ. "ಬರುತ್ತೆ ಸಾರ್. ಆದರೆ ನಂಬರ್ ನೋಡಿ ಪುಸ್ತಕ ಇಡುವಾಗ ಅದು ಏನು ಹೇಳ್ತು ಅಂತ ಕೇಳಿಸಿಕೊಳ್ಳೋಕೆ ಪುರಸೊತ್ತಿಲ್ಲ" ಅಂದರು.

ಅವರ ರೋಗಲಕ್ಷಣ ಅಷ್ಟೇ ಇದೆ, ಬಾಳುವೆ ಬೇರೆಯಾಗಿದೆ. ಕೆಲಸದ ಗುಣವೇ ಇದು, ಅದಕ್ಕೆ ಮಾತ್ರೆಯ ಹಾಗೆ ಡೋಸ್ ಇದೆ. ಎರಡು ಗಂಟೆಯಿಂದ ಶುರು ಮಾಡಬಹುದು, ಏರಿಸಬಹುದು, ಆಗಲಿಲ್ಲ ಅಂದರೆ ಇಳಿಸಬಹುದು, ಬಿಟ್ಟು ಬೇರೆ ಹಿಡಿಯಬಹುದು. ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಳ್ಳಬಹುದು. ಕೆಲಸ ಬಿಟ್ಟರೆ ಯಾರ ಬಾಳೂ ಹಾಳಾಗಲ್ಲ. ಒಂದೇ ಎಚ್ಚರಿಕೆ: ರಾತ್ರಿ ಪಾಳಿ ಬೇಡ. ನಿದ್ದೆ ಕೆಟ್ಟರೆ ಯಾವ ಕಾಯಿಲೆಯೂ ಕೆರಳುತ್ತೆ, ಬೈಪೋಲಾರ್ (ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ತೂಗಾಡೋ ಕಾಯಿಲೆ) ಇರೋರಿಗಂತೂ ಅದು ನೇರವಾಗಿ ಉನ್ಮಾದಕ್ಕೆ ದಾರಿ.

ಮದುವೆಗೆ ಈ ಥರ ಡೋಸ್ ಇಲ್ಲ. ವಾರಕ್ಕೆ ಎರಡು ಗಂಟೆ ಗಂಡನಾಗಿ ನೋಡೋಣ ಅನ್ನೋಕೆ ಆಗಲ್ವಲ್ಲ!

"ಮದುವೆಯಾದವರು ಚೆನ್ನಾಗಿದ್ದಾರಲ್ಲಾ" ಅಂತ ನಿಮ್ಮ ಅಮ್ಮ ಕೇಳಬಹುದು. ನಿಜ. ಲೆಕ್ಕ ತೆಗೆದರೆ ಈ ಕಾಯಿಲೆಯಲ್ಲಿ ಮದುವೆಯಾದವರ ಫಂಕ್ಷನಿಂಗ್ ಆಗದವರಿಗಿಂತ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತೆ. ಆದರೆ ಮದುವೆಯಿಂದ ಅವರು ಚೆನ್ನಾದರೋ, ಚೆನ್ನಾಗಿದ್ದದ್ದರಿಂದ ಮದುವೆ ಆಯಿತೋ? ಸ್ಕಿಜೋಫ್ರೇನಿಯಾ ಗಂಡಸರಿಗೆ ಹೆಂಗಸರಿಗಿಂತ ಸುಮಾರು 3ರಿಂದ 4 ವರ್ಷ ಮೊದಲೇ ಶುರುವಾಗುತ್ತೆ. ಇಪ್ಪತ್ತರ ಆಸುಪಾಸಿನಲ್ಲಿ ಬಂದರೆ ಓದು ನಿಲ್ಲುತ್ತೆ, ಸ್ನೇಹ ಕಡಿದುಹೋಗುತ್ತೆ, ಕೆಲಸ ಕಲಿಯೋ ಹೊತ್ತಿಗೇ ಪೆಟ್ಟು ಬೀಳುತ್ತೆ. ತಡವಾಗಿ ಬಂದವರಿಗೆ ಅಷ್ಟರಲ್ಲಿ ಕೆಲಸವೂ ಮದುವೆಯೂ ಆಗಿರುತ್ತೆ, ಕಾಯಿಲೆಯೂ ಸ್ವಲ್ಪ ಸೌಮ್ಯ. ಅಂದರೆ ಮದುವೆಯೇ ಆರೋಗ್ಯವಂತರನ್ನು ಆರಿಸಿಕೊಂಡಿರುತ್ತೆ. ಕೆಲಸದಲ್ಲೂ ಇಂಥದ್ದು ನಡೆಯುತ್ತೆ. ಬ್ರಿಟನ್ನಿನಲ್ಲಿ 1963ರಲ್ಲಿ ಗೋಲ್ಡ್‌ಬರ್ಗ್ ಮತ್ತು ಮಾರಿಸನ್ ಅನ್ನೋ ಸಂಶೋಧಕರು ಕಾಯಿಲೆ ಇದ್ದ ಗಂಡಸರ ಉದ್ಯೋಗ ನೋಡಿದರೆ ಕೆಳಗಿನ ದರ್ಜೆಯವೇ ಜಾಸ್ತಿ. ಅವರ ಅಪ್ಪಂದಿರ ಉದ್ಯೋಗ ಮಾತ್ರ ಊರಿನ ಎಲ್ಲರ ಹಾಗೇ ಇತ್ತು. ಬಡತನ ಕಾಯಿಲೆ ತಂದದ್ದಕ್ಕಿಂತ ಕಾಯಿಲೆಯೇ ಅವರನ್ನು ಕೆಳಗೆ ಜಾರಿಸಿತ್ತು.

ಒಳ್ಳೆಯ ಮದುವೆ ಸಹಾಯ ಮಾಡಲ್ಲ ಅಂತ ಹೇಳುತ್ತಿಲ್ಲ. ಗಂಡನಿಗೆ ಕಾಯಿಲೆ ಇರೋ ಒಂದು ಜೋಡಿ ನನಗೆ ಗೊತ್ತು. ಗಂಡ ಕನ್ನಡಕವನ್ನು ಪದೇಪದೇ ಒರೆಸೋಕೆ ಶುರು ಮಾಡಿದರೆ, ಕಾಯಿಲೆ ಮರಳೋ ಸೂಚನೆ ಅಂತ ಹೆಂಡತಿ ಆ ವಾರವೇ ಕರೆದುಕೊಂಡು ಬರುತ್ತಾರೆ. ಯಾವ ಸ್ಕ್ಯಾನಿಂಗೂ ಅಷ್ಟು ಬೇಗ ಹೇಳಲ್ಲ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಅದೇ ಜಾರ್ಜ್ ಬ್ರೌನ್ 1950ರ ದಶಕದಲ್ಲಿ ಲಂಡನ್ನಿನಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ಗಂಡಸರನ್ನು ಗಮನಿಸಿದ್ದರು. ಹೆಂಡತಿ ಅಥವಾ ಅಪ್ಪ ಅಮ್ಮನ ಜತೆ ಇರೋಕೆ ಹೋದವರಿಗೆ ಕಾಯಿಲೆ ಮರುಕಳಿಸಿದ್ದು ಜಾಸ್ತಿ, ಬಾಡಿಗೆ ಕೋಣೆಗೆ ಹೋದವರಿಗೆ ಕಮ್ಮಿ. ಎಲ್ಲರೂ ಬೆಚ್ಚಿಬಿದ್ದರು. ಬಿಡಿಸಿ ನೋಡಿದಾಗ ತಿಳಿದದ್ದು, ಮದುವೆ, ಮನೆ ಅನ್ನೋದಕ್ಕಿಂತ ಮನೆಯೊಳಗಿನ ಮಾತು ಮುಖ್ಯ ಅಂತ. ಮೂರು ಹೊತ್ತೂ ಟೀಕೆ, ಸಿಡುಕು, ಇಲ್ಲವೇ ಉಸಿರು ಕಟ್ಟಿಸೋ ಕಾಳಜಿ. 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಇದಕ್ಕೆ ಗಂಟೆಯ ಲೆಕ್ಕ ಸೇರಿಸಿದರು. ಇಂಥ ಮನೆಗಳಲ್ಲಿ ವಾರಕ್ಕೆ 35 ಗಂಟೆಗಿಂತ ಜಾಸ್ತಿ ಮುಖಾಮುಖಿ ಇದ್ದರೆ ಅಪಾಯ ಏರುತ್ತಿತ್ತು. ಮನೆಯವರನ್ನು ಬೈಯೋಕೆ ಇದನ್ನು ಹೇಳುತ್ತಿಲ್ಲ. ಟೀಕೆ ಬರೋದು ಬಹಳ ಸಲ ದಣಿವಿನಿಂದ, ಭಯದಿಂದ. ತಮ್ಮನಿಗೆ ಸ್ನಾನ ಮಾಡು ಅಂತ ದಿನಾ ಐದು ಸಲ ಹೇಳೋರಿಗೆ ಆರನೇ ಸಲ ದನಿ ಏರದೆ ಇರುತ್ತಾ?

ಈ 35 ಗಂಟೆಯ ಲೆಕ್ಕ ಓದುವಾಗೆಲ್ಲ ನನಗೆ ಕೆಲಸವೇ ನೆನಪಾಗುತ್ತೆ. ದಿನಕ್ಕೆ ನಾಲ್ಕು ಗಂಟೆ ಒಬ್ಬರು ಹೊರಗೆ ಹೋದರೆ ಮನೆಗೇ ಉಸಿರು ಬರುತ್ತೆ. ಸಂಜೆ ಮಾತಾಡೋಕೆ ಮಾತ್ರೆ, ಸ್ನಾನ ಬಿಟ್ಟು ಇನ್ನೊಂದು ವಿಷಯ ಸಿಗುತ್ತೆ. ಮುಂದೆ ಮದುವೆ ಆದರೆ ಅದನ್ನು ಉಳಿಸೋದರಲ್ಲೂ ಈ ನಾಲ್ಕು ಗಂಟೆಯ ಪಾಲಿರುತ್ತೆ.

ಅಮ್ಮನ ಮಾತಿನಲ್ಲಿ ನನಗೆ ಚುಚ್ಚೋದು 'ಜವಾಬ್ದಾರಿ ಬಂದರೆ ಸರಿಹೋಗ್ತಾನೆ' ಅನ್ನೋದು. ಯಾರ ಜವಾಬ್ದಾರಿ? ತಮ್ಮನಿಗೆ ಸ್ನಾನ ನೆನಪಿಸೋ ಕೆಲಸ ಅಮ್ಮನ ಕೈಯಿಂದ ಇನ್ನೊಬ್ಬರ ಮನೆಯ ಹುಡುಗಿಯ ಕೈಗೆ ಹೋಗುತ್ತೆ, ಅಷ್ಟೇ ಆಗೋದು. ಚೆನ್ನೈನ ಸ್ಕಾರ್ಫ್ ಸಂಸ್ಥೆಯ ಆರ್. ತಾರಾ ಮತ್ತು ಸಂಗಡಿಗರು ಕಾಯಿಲೆ ಹೊಸದಾಗಿ ಶುರುವಾದ 90 ಜನರನ್ನು ಹತ್ತು ವರ್ಷಕ್ಕೂ ಜಾಸ್ತಿ ಗಮನಿಸುತ್ತಾ ಬಂದರು. ಬಹಳಷ್ಟು ಮದುವೆಗಳು ಉಳಿದಿದ್ದವು, ಅದು ಸಂತೋಷದ ಸಂಗತಿಯೇ. ಆದರೆ ಗಂಡಸರಲ್ಲಿ ಮದುವೆಯೇ ಆಗದೆ ಉಳಿದವರು ಜಾಸ್ತಿ, ಹೆಂಗಸರಲ್ಲಿ ಮದುವೆ ಮುರಿದವರು ಜಾಸ್ತಿ. ಹೆಂಡತಿಗೆ ಕಾಯಿಲೆ ಬಂದರೆ ಬಿಟ್ಟು ಹೋಗೋರು, ಗಂಡನಿಗೆ ಬಂದರೆ ನೋಡಿಕೊಳ್ಳೋರು ಯಾರು ಅಂತ ನಾನು ಬಿಡಿಸಿ ಹೇಳಬೇಕಾ?

ಮುಚ್ಚಿಟ್ಟು ಮಾಡೋ ಮದುವೆ ಬಗ್ಗೆ ಒಂದು ಮಾತು. ಮದುವೆಯಾದ ಮೇಲೆ ಮಾತ್ರೆಗಳನ್ನು ವಿಟಮಿನ್ ಬಾಟಲಿಗೆ ಸುರಿದಿಟ್ಟುಕೊಂಡು ನುಂಗುತ್ತಿದ್ದ ಒಬ್ಬರನ್ನು ನೋಡಿದ್ದೇನೆ. ಬಚ್ಚಲಿಗೆ ಹೋಗಿ ನುಂಗಬೇಕು, ರಾತ್ರಿ ಬೇಗ ನಿದ್ದೆ ಯಾಕೆ ಬರುತ್ತೆ ಅಂತ ಸುಳ್ಳು ಹೇಳಬೇಕು. ಜತೆಗೆ ಮಾತ್ರೆಯಿಂದ ಕಾಮಾಸಕ್ತಿ ಕುಗ್ಗಿತ್ತು. ರಿಸ್ಪೆರಿಡೋನ್ ಥರದ ಔಷಧಿ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನನ್ನು ಏರಿಸಿ ಹಾಗೆ ಮಾಡಬಹುದು. ಔಷಧಿ ಬದಲಿಸಿದರೆ ಎಷ್ಟೋ ಜನರಿಗೆ ಸರಿಹೋಗುತ್ತೆ. ಆದರೆ ಕಾಯಿಲೆಯನ್ನೇ ಮುಚ್ಚಿಟ್ಟವರು ಇದನ್ನು ಯಾರ ಹತ್ತಿರ ಹೇಳ್ತಾರೆ? ಅವರು ಕಂಡುಕೊಂಡ ದಾರಿ ಮಾತ್ರೆ ನಿಲ್ಲಿಸೋದು. ಮೊದಲ ತಿಂಗಳು ಎಲ್ಲ ಚೆನ್ನಾಗೇ ಇತ್ತು. ಮಾತ್ರೆ ಬಿಟ್ಟ ಕೂಡಲೇ ಕಾಯಿಲೆ ಬರಲ್ಲ, ಮೋಸ ಇರೋದೇ ಅಲ್ಲಿ. ಮೂರನೇ ತಿಂಗಳಲ್ಲಿ ನಿದ್ದೆ ಕೆಟ್ಟಿತು, ಕಾಯಿಲೆ ಮರಳಿತು. ಆಸ್ಪತ್ರೆಯ ವರಾಂಡದಲ್ಲಿ ನಿಂತು ಕಾಯಿಲೆಯ ಹೆಸರನ್ನು ಮೊದಲ ಸಲ ಕೇಳಿದ ಆ ಹೆಂಡತಿಯ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಹಾಗಾದರೆ ಮದುವೆ ಯಾವಾಗ? ಯಾವ ಪುಸ್ತಕದಲ್ಲೂ ತಾರೀಖು ಬರೆದಿಲ್ಲ. ನನ್ನ ಅಂದಾಜು ಹೇಳುತ್ತೇನೆ, ನಿಯಮ ಅಂತ ತಿಳಿಯಬೇಡಿ. ಅವರಿಗೇ ಬೇಕು ಅನ್ನಿಸಿರಬೇಕು. ತನ್ನ ಕಾಯಿಲೆಯ ಹೆಸರು, ತನ್ನ ಮಾತ್ರೆಯ ಹೆಸರು ಗೊತ್ತಿರಬೇಕು. ಯಾರೂ ನೆನಪಿಸದೆ ಒಂದು ವರ್ಷವಾದರೂ ಮಾತ್ರೆ ನುಂಗಿರಬೇಕು. ದಿನದ ಒಂದು ಭಾಗ ಏನಾದರೂ ಕೆಲಸದಲ್ಲಿ ಕಳೆಯುತ್ತಿರಬೇಕು, ಸಂಬಳ ಎಷ್ಟು ಅನ್ನೋದು ಆಮೇಲಿನ ಮಾತು. ಮದುವೆಯಾಗೋರಿಗೆ ಎಲ್ಲವನ್ನೂ ಮೊದಲೇ ಹೇಳಿರಬೇಕು, ಸಾಧ್ಯವಾದರೆ ಡಾಕ್ಟರ ಎದುರು ಕೂತು, ಅವರು ಪ್ರಶ್ನೆ ಕೇಳೋ ಹಾಗೆ. ಮಕ್ಕಳ ಬಗ್ಗೆ ಖಂಡಿತ ಕೇಳುತ್ತಾರೆ. ಅಪ್ಪ ಅಥವಾ ಅಮ್ಮ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದರೆ ಮಗುವಿಗೆ ಬರೋ ಸಾಧ್ಯತೆ ನೂರಕ್ಕೆ ಹತ್ತರ ಆಸುಪಾಸು. ಬೇರೆಯವರಲ್ಲಿ ಅದು ನೂರಕ್ಕೆ ಒಂದರ ಹತ್ತಿರ. ಹತ್ತು ಅಂದರೆ ತೊಂಬತ್ತು ಮಕ್ಕಳಿಗೆ ಬರಲ್ಲ ಅಂತಲೂ ಅರ್ಥ, ಅದನ್ನೂ ಹೇಳಿ. ಈ ಉತ್ತರ ಓದೋರಲ್ಲಿ ಕಾಯಿಲೆ ಇರೋ ಹೆಣ್ಣುಮಕ್ಕಳಿದ್ದರೆ, ಮಗು ಬೇಕು ಅನ್ನಿಸಿದಾಗ ಗರ್ಭಿಣಿ ಆಗೋಕೆ ಮುಂಚೆಯೇ ಡಾಕ್ಟರನ್ನು ಕಾಣಿ. ವ್ಯಾಲ್‌ಪ್ರೋಯೇಟ್ ಅನ್ನೋ ಮಾತ್ರೆ ಹೊಟ್ಟೆಯಲ್ಲಿರೋ ಮಗುವಿಗೆ ಒಳ್ಳೆಯದಲ್ಲ, ಅದನ್ನು ಮೊದಲೇ ಬದಲಿಸಬೇಕು. ಸುಮ್ನೆ ನೀವಾಗೇ ನಿಲ್ಲಿಸಬೇಡಿ. ಬೈಪೋಲಾರ್ ಇದ್ದರೆ ಹೆರಿಗೆಯಾದ ಮೊದಲ ಕೆಲವು ವಾರ ತುಂಬಾ ಸೂಕ್ಷ್ಮ, ರಾತ್ರಿ ಮಗು ನೋಡಿಕೊಳ್ಳೋಕೆ ಇನ್ನೊಬ್ಬರು ಇರಲೇಬೇಕು.

ನಿಮ್ಮ ಮನೆಗೆ ಬರೋಣ. ಮದುವೆ ಮಾತನ್ನು ಸದ್ಯಕ್ಕೆ ಬದಿಗಿಡಿ, ಬೇಡ ಅಂತ ಬಾಗಿಲು ಹಾಕಬೇಡಿ. ಕೆಲಸಕ್ಕೆ ಕಾಯಬೇಡಿ. ಮೊದಲ ಡೋಸ್ ತೀರಾ ಚಿಕ್ಕದಿರಲಿ, ದಿನಕ್ಕೆ ಅರ್ಧ ಗಂಟೆ, ಅದೇ ಹೊತ್ತಿಗೆ, ಮನೆಯ ಹೊರಗೆ. ಅವರು ಹೋಗದಿದ್ದರೆ ಅಲ್ಲಿ ಒಬ್ಬರಿಗಾದರೂ ಗೊತ್ತಾಗೋ ಥರದ ಕೆಲಸ ಆಗಬೇಕು. ಯಾರೂ ಕಾಯದ ಕೆಲಸಕ್ಕೆ ಎದ್ದು ಹೋಗೋದು ನಮಗೂ ಕಷ್ಟ, ಅಲ್ವಾ? ಎರಡು ವಾರ ಹೋದರೆ ಒಂದು ಗಂಟೆ ಮಾಡಿ. ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಎಷ್ಟು ದಿನ ಹೋದರು, ಎಷ್ಟು ದಿನ ಇಲ್ಲ ಅಂತ ಬರೆದುಕೊಂಡು ಹೋಗಿ ತೋರಿಸಿ.

ಇನ್ನೊಂದು ವಿಷಯ. ನಿಮ್ಮ ಪತ್ರದಲ್ಲಿ ಅಮ್ಮ ಏನಂತಾರೆ, ಅಪ್ಪ ಏನಂತಾರೆ, ಡಾಕ್ಟರು ಏನಂದರು ಎಲ್ಲ ಇದೆ. ತಮ್ಮ ಏನಂತಾರೆ ಅನ್ನೋದು ಎಲ್ಲೂ ಇಲ್ಲ. ಅಪ್ಪ ಅಮ್ಮ ಎದುರಿಗಿಲ್ಲದಾಗ ಕೇಳಿ ನೋಡಿ: ಮುಂಚೆ ಯಾವ ಕೆಲಸ ಇಷ್ಟ ಇತ್ತು, ಈಗ ಏನು ಮಾಡಬೇಕು ಅನ್ನಿಸುತ್ತೆ ಅಂತ. ಕೇಳಿ ಆದಮೇಲೆ ಸುಮ್ನಿರಿ. ಈ ಕಾಯಿಲೆಯಲ್ಲಿ ಉತ್ತರ ಬಾಯಿಗೆ ಬರೋಕೆ ಹೊತ್ತು ಹಿಡಿಯುತ್ತೆ, ಒಂದು ನಿಮಿಷ, ಕೆಲವು ಸಲ ಎರಡು ದಿನ. ಮಧ್ಯದಲ್ಲಿ ನೀವೇ ಉತ್ತರ ಹೇಳಿಕೊಡಬೇಡಿ.